ಇಸ್ತ್ರಿ ಅಂಗಡಿಯ ಕರಿಹಲಗೆ

ಅವರ ಬಲ ಮುಂಗೈ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟೇ ಚೂಪಾದ ಒಂದು ಸುಟ್ಟ ಕಲೆ ಇತ್ತು. ಸುತ್ತಲಿನ ಚರ್ಮ ಕಪ್ಪು, ಕಲೆ ಮಾತ್ರ ನಸುಗೆಂಪು. ಎಡಗೈ ಬೆರಳುಗಳಿಗೆ ಸದಾ ಚಾಕ್‌ಪೀಸಿನ ಬಿಳಿ ಪುಡಿ ಮೆತ್ತಿಕೊಂಡಿರುತ್ತಿತ್ತು. ಗಿರಾಕಿಯ ಅಂಗಿ ಮುಟ್ಟುವ ಮೊದಲು ಆ ಪುಡಿಯನ್ನು ಹೆಗಲ ಟವೆಲಿಗೆ ಒರೆಸಿಕೊಳ್ಳುತ್ತಿದ್ದರು. ಬಲಗೈ ಹೊಟ್ಟೆಪಾಡಿನದು, ಎಡಗೈ ಊರಿನದು. ಅವರು ಹೀಗೆಂದು ಯಾವತ್ತೂ ಹೇಳಿಕೊಂಡವರಲ್ಲ. ನೋಡಿದ ನನಗೆ ಹಾಗೆ ಅನ್ನಿಸುತ್ತಿತ್ತು.

ಕೂಡ್ಲಿಗಿಯ ಬಸ್ ನಿಲ್ದಾಣದಿಂದ ತಾಲ್ಲೂಕು ಕಚೇರಿ ಕಡೆ ನಡೆದರೆ ಎಡಕ್ಕೆ ಅವರ ಇಸ್ತ್ರಿ ಅಂಗಡಿ. ಹಿಂದೆ ಒಂದೇ ಕೋಣೆಯ ಮನೆ. ಅಂಗಡಿಯ ಮೇಜಿನ ಮೇಲೆ ಎರಡು ಇಸ್ತ್ರಿ ಪೆಟ್ಟಿಗೆ, ಒಂದು ಕರೆಂಟಿನದು, ಇನ್ನೊಂದು ಇದ್ದಿಲಿನದು. ಕರೆಂಟ್ ಹೋದ ಕೂಡಲೇ ಇದ್ದಿಲಿನ ಪೆಟ್ಟಿಗೆಯ ಮುಚ್ಚಳ ತೆರೆದು ಊದುತ್ತಿದ್ದರು. ಮೂವತ್ತು ವರ್ಷ ಊದಿದರು. ಅದರ ಫಲ ಮುಂದೆ ಬರುತ್ತದೆ.

ಅಂಗಡಿಯ ಹೊರಗೋಡೆಗೆ ಒಂದು ಕರಿಹಲಗೆ ತೂಗುಹಾಕಿದ್ದರು. ಯಾವುದೋ ಶಾಲೆಯವರು ಬಿಸಾಕಿದ್ದು. ನಟ್ಟನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಗಡೆ ತಲೆಬರಹ ‘ಹೇಳಿದ್ದು’, ಬಲಗಡೆ ‘ಕಂಡದ್ದು’. ಬೆಳಿಗ್ಗೆ ಎಂಟಕ್ಕೆ ಬರೆಯುತ್ತಿದ್ದರು, ಮಧ್ಯಾಹ್ನ, ಸಂಜೆ ತಿದ್ದುತ್ತಿದ್ದರು. ರಾಜಕೀಯ, ಆಟ, ಕರೆಂಟ್, ಇವು ಮೂರೇ ವಿಷಯ. ಹಡಗಲಿಯ ಕಬಡ್ಡಿ ತಂಡ ಗೆಲ್ಲುತ್ತದೆ ಎಂದು ಎಡಗಡೆ ಇದ್ದರೆ, ಸಂಜೆಗೆ ಬಲಗಡೆ ‘ಸೋತಿತು, ಎರಡು ಅಂಕ’ ಎಂದಿರುತ್ತಿತ್ತು. ಹರಪನಹಳ್ಳಿ ತಾಲ್ಲೂಕನ್ನು ಬೇರೆ ಜಿಲ್ಲೆಗೆ ಸೇರಿಸಿದಾಗ ಎಡಗಡೆ ಎಲ್ಲರ ಭಾಷಣದ ಒಂದೊಂದು ಸಾಲು ಬರೆದರು. ಬಲಗಡೆ ಬರೆದದ್ದು ಇಷ್ಟೇ: ‘ಹರಪನಹಳ್ಳಿ ಬಸ್ಸಿನ ಟೈಮ್ ಮೊದಲಿನದೇ.’

ನಾನಾಗ ಒಂದು ಪತ್ರಿಕೆಯ ತಾಲ್ಲೂಕು ವರದಿಗಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮೂರೂ ನನ್ನ ಪಾಲಿಗಿದ್ದವು. ಆ ಹಲಗೆಯನ್ನು ಮೊದಲು ತಮಾಷೆಗೆ ಓದುತ್ತಿದ್ದೆ, ಬರಬರುತ್ತಾ ಸುದ್ದಿಗೆ ಓದತೊಡಗಿದೆ. ಚುನಾವಣೆಗೆ ಯಾರು ನಿಲ್ಲುತ್ತಾರೆ ಎಂದು ನಾವು ಫೋನ್ ಹಚ್ಚಿ ಹಚ್ಚಿ ಸೋಲುತ್ತಿದ್ದಾಗ ಅವರ ಬಲಗಡೆಯ ಸಾಲು ಹೀಗಿರುತ್ತಿತ್ತು: ‘ಬಿಳಿ ಅಂಗಿ ಆರು ಜೋಡಿ, ಅರ್ಜೆಂಟ್.’ ಯಾರದು ಎಂದು ಬರೆಯುತ್ತಿರಲಿಲ್ಲ. ಕೇಳಿದರೆ, “ಅಂಗಿ ಕಂಡೀನಿ ತಮ್ಮಾ, ಟಿಕೆಟ್ ಕಂಡಿಲ್ಲ” ಅನ್ನುತ್ತಿದ್ದರು.

ಆ ಬಿಳಿ ಅಂಗಿಗಳಲ್ಲಿ ಹೆಚ್ಚಿನವು ಊರಿನ ಒಬ್ಬ ಮುಖಂಡರವು. ಅವರ ಪಕ್ಷ ಯಾವುದೆಂದು ಇಲ್ಲಿ ಬರೆದು ಉಪಯೋಗವಿಲ್ಲ, ನಡುವೆ ಅವರೇ ಒಮ್ಮೆ ಬದಲಿಸಿದರು. ಮನೆಗಳಿಗೆ ಉಚಿತ ಕರೆಂಟ್ ಬಂದ ಹೊಸತರಲ್ಲಿ ಅವರು ವಿರೋಧ ಪಕ್ಷದಲ್ಲಿದ್ದರು. ಒಂದು ಬೆಳಿಗ್ಗೆ ಅಂಗಿ ಒಯ್ಯಲು ತಾವೇ ಬಂದು ಹಲಗೆ ಓದಿದರು. ಎಡಗಡೆ ‘ಮನೆ ಕರೆಂಟ್ ಪುಕ್ಕಟೆ, ಸರ್ಕಾರ’ ಎಂದಿತ್ತು. ಬಲಗಡೆ ‘ಬಿಲ್ ಸೊನ್ನೆ ಬಂತು.’

“ಏನಲೇ ಇದು? ಎಲ್ಲಾ ಮೋಸ ಅಂತ ಬರಿ.”

“ನನಗ ಸೊನ್ನಿ ಬಂದೈತ್ರಿ ಧಣಿ. ಸೊನ್ನಿ ಅಂತ ಬರದೀನಿ.”

“ಅವರ ಪಾರ್ಟಿ ಸೇರೀಯೇನು?”

“ಅವರ ಅಂಗೀನೂ ನಾನ ತಿಕ್ಕತೀನಿ, ನಿಮ್ಮ ಅಂಗೀನೂ ನಾನ. ಕೈ ತಪ್ಪಿದ್ರ ಇಬ್ಬರ್ದೂ ಸುಡತೈತ್ರಿ.”

ಮುಖಂಡರು ನಕ್ಕು ಹೋದರು. ಅದೇ ಮಧ್ಯಾಹ್ನ ಬಲಗಡೆಯ ಸಾಲಿನ ಕೆಳಗೆ ಇನ್ನೊಂದು ಸೇರಿತು: ‘ಹನ್ನೊಂದರಿಂದ ಕರೆಂಟ್ ಇಲ್ಲ. ಗುಡ್ಡದ ಮೇಲೆ ಫ್ಯಾನ್ ತಿರುಗುತ್ತಿವೆ.’ ಗಾಳಿಯಿಂದ ಕರೆಂಟ್ ತೆಗೆಯುವ ಕಂಬಗಳಿಗೆ ನಮ್ಮಲ್ಲಿ ಫ್ಯಾನ್ ಎನ್ನುತ್ತಾರೆ. ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಅವು ತಿರುಗುವುದನ್ನು ನೋಡಿಕೊಂಡೇ ಬಂದಿರುತ್ತಾರೆ. ಊರಿಗೆ ಇಳಿದರೆ ಜೆರಾಕ್ಸ್ ಅಂಗಡಿಯವರು ‘ಕರೆಂಟ್ ಇಲ್ರೀ’ ಎಂದು ಕೈ ಆಡಿಸುತ್ತಾರೆ. ಈ ಸುದ್ದಿಯನ್ನು ನಾನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಬರೆದಷ್ಟೂ ಸಲ ಅದು ಹಳೆಯದಾಗಿಯೇ ಅಚ್ಚಾಗುತ್ತಿತ್ತು.

ಸುತ್ತಲಿನ ತಾಲ್ಲೂಕುಗಳ ಕಬಡ್ಡಿ ಪಂದ್ಯಗಳಲ್ಲಿ ಮೈಕು ಹಿಡಿಯುತ್ತಿದ್ದವರೂ ಅವರೇ. ಉಳಿದ ವಿವರಣೆಗಾರರು ಸಿಡಿಲು, ಗುಡುಗು, ಹುಲಿ, ಸಿಂಹ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಇವರದು ಒಣ ಮಾತು. “ಬಂದ. ಬಲಗಾಲು ಚಾಚಿದ. ಮುಟ್ಟಿಲ್ಲ. ಹೊಳ್ಳಿ ಹೋದ.” ಜನ ಮಾತ್ರ ಇವರನ್ನೇ ಕೇಳುತ್ತಿದ್ದರು. ದೂರ ಕುಳಿತ ಮುದುಕರಿಗೂ ಆಟ ಕಣ್ಣಿಗೆ ಕಟ್ಟುತ್ತಿತ್ತು.

ಕೊಟ್ಟೂರಿನ ಒಂದು ಫೈನಲ್‌ಗೆ ಅದೇ ಮುಖಂಡರು ತಡವಾಗಿ ಬಂದರು. ಸಂಘಟಕರು ಮೈಕಿನ ಬಳಿ ಓಡಿ, “ಆಟ ನಿಲ್ಲಸ್ರಿ, ಸ್ವಾಗತ ಹೇಳ್ರಿ” ಎಂದು ಪೀಡಿಸಿದರು. ಅಂಕಣದಲ್ಲಿ ಇಟ್ಟಿಗಿ ಊರಿನ ಆಟಗಾರನೊಬ್ಬ ಕಬಡ್ಡಿ ಕಬಡ್ಡಿ ಎನ್ನುತ್ತಾ ಐದು ಜನರ ನಡುವೆ ಇದ್ದ. ಇವರು ಮೈಕು ಮುಚ್ಚಿಕೊಳ್ಳಲಿಲ್ಲ. ಇಡೀ ಮೈದಾನಕ್ಕೆ ಕೇಳುವಂತೆ, “ಮುಖಂಡರು ಬಂದಾರ. ಆಟಗಾರನ ಉಸಿರು ನಡದೈತಿ. ಉಸಿರು ಮುಗೀಲಿ, ಆಮ್ಯಾಲೆ ಸ್ವಾಗತ” ಎಂದರು. ಮುಖಂಡರು ಕೈ ಮುಗಿದುಕೊಂಡೇ ನಿಂತಿದ್ದರು. ಮುಂದಿನ ವರ್ಷ ಕೊಟ್ಟೂರಿನವರು ಇವರನ್ನು ಕರೆಯಲಿಲ್ಲ. ಅದರ ಮುಂದಿನ ವರ್ಷ ಜನರ ಒತ್ತಾಯಕ್ಕೆ ಮತ್ತೆ ಕರೆದರು.

ಅಷ್ಟರಲ್ಲಿ ಅವರ ಉಸಿರೇ ಸೋಲತೊಡಗಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದರು. ಇದ್ದಿಲ ಹೊಗೆ ಪುಪ್ಪುಸಕ್ಕೆ ಕೂತಿದೆ ಎಂದು ವೈದ್ಯರು ಹೇಳಿದರು. ಹಿಂದಿನ ಕೋಣೆಗೆ ಆಮ್ಲಜನಕ ಕೊಡುವ ಒಂದು ಯಂತ್ರ ಬಂತು. ಗೋಡೆಯ ಪ್ಲಗ್ಗಿನಿಂದ ಅದು ಗುಂಯ್‌ಗುಡುತ್ತಿದ್ದರೆ ಇವರ ಮೂಗಿನ ನಳಿಕೆಗೆ ಗಾಳಿ. ಕರೆಂಟ್ ಹೋದರೆ ಪಕ್ಕದಲ್ಲಿದ್ದ ಸಣ್ಣ ಸಿಲಿಂಡರಿಗೆ ನಳಿಕೆ ಬದಲಿಸಬೇಕು. ಅದು ಬರಿದಾದರೆ ತುಂಬಿಸಲು ಹೊಸಪೇಟೆಗೆ ಕಳಿಸಬೇಕು. ಇಸ್ತ್ರಿಯ ಕೆಲಸವನ್ನು ಅವರ ಹೆಂಡತಿ ಹಿಡಿದರು. ಇವರು ಮಂಚದ ಮೇಲಿಂದ ಹೇಳಿದ್ದನ್ನು ಹಲಗೆಯ ಮೇಲೆ ಬರೆಯುವುದೂ ಅವರ ಪಾಲಿಗೇ ಬಂತು. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ತಪ್ಪದೆ ಬರೆಸುತ್ತಿದ್ದರು. ಆ ಹೊತ್ತುಗಳು ತಮ್ಮ ಉಸಿರಿನವು ಎಂದು ಒಂದು ದಿನವೂ ಬರೆಸಲಿಲ್ಲ.

ನನ್ನ ತಪ್ಪು ಆದದ್ದು ಆ ಬೇಸಿಗೆಯಲ್ಲಿ. ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ, ಇನ್ನು ಮನೆಗಳ ಕರೆಂಟ್ ತೆಗೆಯುವುದಿಲ್ಲ ಎಂಬ ಮಾತು ಬಂತು. ಅವತ್ತು ನನಗೆ ಇನ್ನೂ ಎರಡು ಸಭೆಗಳಿದ್ದವು. ಯಾವ ಊರಿಗೂ ಹೋಗಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ‘ಕೂಡ್ಲಿಗಿ: ಮನೆಗಳಿಗಿಲ್ಲ ವಿದ್ಯುತ್ ಕಡಿತ’ ಎಂದು ಕಳಿಸಿದೆ. ನಾಲ್ಕು ಕಾಲಂ ಬಂತು. ಅದಾದ ಎರಡು ದಿನ ನಾನು ಊರಲ್ಲಿರಲಿಲ್ಲ.

ಮೂರನೆಯ ದಿನ ಬಂದಾಗ ಅಂಗಡಿಗೆ ಬೀಗ ಇತ್ತು. ಹಲಗೆಯ ಎಡಗಡೆ ‘ಮನೆ ಕರೆಂಟ್ ಹೋಗುವುದಿಲ್ಲ, ಪೇಪರ್’ ಎಂದಿತ್ತು. ಬಲಗಡೆ ‘ಎರಡು ಸಲ ಹೋಯಿತು.’ ಅಕ್ಷರ ಅವರ ಹೆಂಡತಿಯದು. ಪಕ್ಕದ ಚಹಾದಂಗಡಿಯವರು, ಇಬ್ಬರೂ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ ಎಂದರು.

ಆಸ್ಪತ್ರೆಯ ವರಾಂಡದಲ್ಲಿ ಅವರ ಹೆಂಡತಿ ನನ್ನನ್ನು ಕಂಡು ಎದ್ದು ನಿಂತರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಸಿಲಿಂಡರ್ ಅರ್ಧಾ ಆಗಿತ್ತಪ್ಪ. ಹೊಸಪೇಟಿಗೆ ಕಳಸಬೇಕು ಅಂತ ಇದ್ದೆ. ನಿನ್ನ ಪೇಪರ್ ನೋಡಿ, ಕರೆಂಟ್ ಹೋಗೂದಿಲ್ಲಲ್ಲ, ವಾರ ಬಿಟ್ಟು ಕಳಸಿದ್ರಾತು ಅಂದೆ. ನಿನ್ನಿ ಮೂರನೇ ಸಲ ಹೋದಾಗ ಅದರಾಗ ಏನೂ ಇರಲಿಲ್ಲ. ಆಟೋದಾಗ ಹಾಕ್ಕೊಂಡು ಬಂದೆ. ತುಟಿ ನೀಲಿ ಆಗಿದ್ವು.”

ಒಳಗೆ ಅವರು ಎದ್ದು ಕುಳಿತಿದ್ದರು. ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

“ಯಾವ ಊರಾಗ ನೋಡಿ ಬರದಿ, ತಮ್ಮಾ?”

“ನೋಡಿಲ್ಲಣ್ಣಾ. ಮೀಟಿಂಗ್‌ನ್ಯಾಗ ಹೇಳಿದ್ರು.”

“ಹಂಗಾರ ಎಡಗಡಿ ಬರೀಬೇಕಿತ್ತು.”

ಅಷ್ಟೇ. ಆಮೇಲೆ ಕೊಟ್ಟೂರಿನ ಪಂದ್ಯ ಏನಾಯಿತೆಂದು ಕೇಳಿದರು.

ಕಚೇರಿಯಲ್ಲಿ ತಿದ್ದುಪಡಿಗೆ ಜಗಳ ಮಾಡಬೇಕಾಯಿತು. ಕಡೆಗೆ ಒಳಪುಟದ ಮೂಲೆಯಲ್ಲಿ ಮೂರು ಸಾಲು ಬಂತು. ಮನೆಗೆ ಮರಳಿದ ಮೇಲೆ ಅವರು ಅದನ್ನು ಕತ್ತರಿಸಿ ಹಲಗೆಯ ಬಲಗಡೆ ಅಂಟಿಸಲು ಹೆಂಡತಿಗೆ ಹೇಳಿದರು. “ಸಣ್ಣದಾತು ನೋಡು” ಎಂದರು. “ಇರಲಿ. ಜಾಗಾ ಸರಿ ಐತಿ.” ಅಂದಿನಿಂದ ನಾನು ಪ್ರತಿ ವರದಿಯ ಪ್ರತಿ ಸಾಲಿಗೆ ಕೇಳಿಕೊಳ್ಳುವ ಪ್ರಶ್ನೆ ಒಂದೇ, ಇದು ಎಡಗಡೆಯದೋ ಬಲಗಡೆಯದೋ. ಅದರಿಂದ ನನ್ನ ವರದಿಗಳು ಸಣ್ಣವಾದವು. ಮೇಲಿನವರಿಗೆ ಅದು ಹಿಡಿಸಲಿಲ್ಲ.

ಅವರು ಮತ್ತೂ ಒಂದು ವರ್ಷದ ಮೇಲೆ ಬದುಕಿದರು. ತೀರಿಕೊಂಡ ದಿನ ಸಂಜೆ ನಾಲ್ಕರ ಹೊತ್ತಿಗೆ ನಾನು ಹೋದಾಗ ಅಂಗಡಿಯ ಮುಂದೆ ಐವತ್ತು ಅರವತ್ತು ಜನ ಇದ್ದರು. ಕರೆಂಟ್ ಹೋಗಿ ಯಂತ್ರ ನಿಂತು ಸತ್ತರು ಎಂಬ ಮಾತು ಆಗಲೇ ಬಸ್ ನಿಲ್ದಾಣ ದಾಟಿತ್ತು. ಮುಖಂಡರು ಬಿಳಿ ಅಂಗಿಯಲ್ಲಿ ಬಂದು ನಿಂತಿದ್ದರು. ಅದರ ಮಡಿಕೆ ಇದೇ ಅಂಗಡಿಯದು. ನನ್ನನ್ನು ಪಕ್ಕಕ್ಕೆ ಕರೆದರು.

“ನೀವು ಬರೀರಿ. ಕರೆಂಟ್ ಕೊಂದ್ತು ಅಂತ ದಪ್ಪ ಅಕ್ಷರದಾಗ ಬರೀರಿ. ನಾಳೆ ರಸ್ತೆ ತಡಿತೀವಿ. ವಾರದಾಗ ಲೈನ್ ಹೊಸದಾಗತೈತಿ. ಅವರು ಇದ್ದಾಗ ಆಗಲಿಲ್ಲ, ಹೋದ ಮ್ಯಾಲಾದ್ರೂ ಊರಿಗೆ ಉಪಯೋಗ ಆಗ್ಲಿ.”

ಅವರ ಕಣ್ಣಲ್ಲಿ ನೀರಿತ್ತು. ಮಾತಿನಲ್ಲಿ ರಾಜಕೀಯ ಇತ್ತು, ಆದರೆ ರಾಜಕೀಯವಷ್ಟೇ ಇರಲಿಲ್ಲ. ಲೈನ್ ಹೊಸದಾಗುತ್ತದೆ ಎಂಬುದು ನಿಜವೂ ಆಗಬಹುದಿತ್ತು. ತೀರಿಕೊಂಡವರಂತೆಯೇ ಯಂತ್ರಕ್ಕೆ ನಳಿಕೆ ಜೋಡಿಸಿಕೊಂಡು ಮಲಗಿದ್ದ ಇಬ್ಬರು ಹೊಸಹಳ್ಳಿಯಲ್ಲಿದ್ದರು, ನನಗೆ ಗೊತ್ತಿತ್ತು. ನಾನು ಒಳಗೆ ಹೋದೆ.

ಅವರ ಹೆಂಡತಿ ಯಂತ್ರದ ಪಕ್ಕ ನೆಲದ ಮೇಲೆ ಕುಳಿತಿದ್ದರು. ಅದರ ಗುಂಡಿಯನ್ನು ಯಾರೂ ಒತ್ತಿ ನಿಲ್ಲಿಸಿರಲಿಲ್ಲ. ಅದು ಇನ್ನೂ ಗುಂಯ್‌ಗುಡುತ್ತಿತ್ತು.

“ಅಕ್ಕಾ, ಕೇಳಬಾರದು, ಆದ್ರೂ ಕೇಳತೀನಿ. ಕರೆಂಟ್ ಹೋಗಿತ್ತೇನು?”

“ಇಲ್ಲಪ್ಪ. ಬೆಳಿಗ್ಗಿಂದ ಹೋಗಿಲ್ಲ. ಮಷೀನು ನಡದಿತ್ತು, ತಲಿ ಮ್ಯಾಲಿನ ಫ್ಯಾನೂ ತಿರಗತಿತ್ತು. ಮೂರು ಗಂಟೆಗೆ ನೀರು ಕೇಳಿದ್ರು. ತರೂದ್ರಾಗ ಉಸಿರು ಮುಗದಿತ್ತು.” ಬಾಗಿಲ ಕಡೆ ನೋಡಿ, “ಹೊರಗ ಎಲ್ಲಾರೂ ಬ್ಯಾರೇನ ಅನ್ನಾಕತ್ಯಾರ. ನಾ ಏನಂತ ಅನ್ಲಿ?” ಎಂದರು.

ಅವರೇ ಎದ್ದು ಯಂತ್ರದ ಗುಂಡಿ ಒತ್ತಿದರು. ಕೋಣೆ ಒಮ್ಮೆಲೇ ಖಾಲಿಯಾದಂತಾಯಿತು. ಗೂಡಿನಿಂದ ಚಾಕ್‌ಪೀಸ್ ತೆಗೆದು ನನ್ನ ಕೈಗಿಟ್ಟು, “ಇವತ್ತು ನೀನ ಬರಿ” ಎಂದರು.

ಹೊರಗೆ ಬಂದು ಎಡಗಡೆ ‘ಕರೆಂಟ್ ಹೋಗಿ ತೀರಿಕೊಂಡರು, ಊರವರು’ ಎಂದು ಬರೆದೆ. ಬಲಗಡೆ ‘ಮೂರು ಗಂಟೆಗೆ ತೀರಿಕೊಂಡರು. ಕರೆಂಟ್ ಇತ್ತು’ ಎಂದು ಬರೆದೆ. ಒಬ್ಬ ನನಗೆ ಕೇಳುವಂತೆ, “ಎಷ್ಟು ತಿಂದಾನೋ ಏನೋ” ಎಂದ. ಮುಖಂಡರು ಎರಡೂ ಸಾಲನ್ನು ಓದಿದರು. ಅವನ ಕಡೆ ತಿರುಗಿ, “ಸುಮ್ನಿರಲೇ” ಎಂದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಪತ್ರಿಕೆಗೂ ಅದನ್ನೇ ಕಳಿಸಿದೆ. ಒಳಪುಟದಲ್ಲಿ ಮೂರು ಸಾಲು ಬಂತು.

ರಸ್ತೆ ತಡೆ ಆಗಲಿಲ್ಲ. ಲೈನೂ ಹೊಸದಾಗಲಿಲ್ಲ. ನಾನು ಬೇರೆ ಬರೆದಿದ್ದರೆ ಆಗುತ್ತಿತ್ತೇ ಎಂದು ಹೊಸಹಳ್ಳಿಯ ದಾರಿಯಲ್ಲಿ ಹೋಗುವಾಗಲೆಲ್ಲ ಯೋಚಿಸುತ್ತೇನೆ. ಗೊತ್ತಿಲ್ಲ.

ಮರುದಿನ ಮಣ್ಣು ಮಾಡಿ ಬರುವಷ್ಟರಲ್ಲಿ ಕರೆಂಟ್ ಎರಡು ಸಲ ಹೋಗಿತ್ತು. ಅವರ ಹೆಂಡತಿ ಹೊತ್ತು ನೋಡಿ ಇಟ್ಟಿದ್ದರು. ಕೈಕಾಲು ತೊಳೆದುಕೊಂಡು, ಅದನ್ನೂ ಬಲಗಡೆ ಬರೆದೆ.