ಸೆಟ್ಟು ಸಮ ಮಾಡಿದವರು

ಮೊನ್ನೆ ಚಾಮರಾಜಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಆಟೊಗೆ ಕಾಯುತ್ತ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು. ನಮ್ಮ ರೇಡಿಯೊ ರಿಪೇರಿಯವರು ನೆನಪಾದರು… ಎಷ್ಟು ವರ್ಷವಾಯಿತೋ, ಲೆಕ್ಕ ಇಟ್ಟಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಆಗ ಶಂಕರಪುರದ ಒಂದು ವಠಾರದಲ್ಲಿದ್ದೆ. ಆರು ಮನೆ, ಒಂದು ನಲ್ಲಿ. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಹಪ್ಪಳ ಲಟ್ಟಿಸಿ ಅಂಗಡಿಗಳಿಗೆ ಹಾಕುತ್ತಿದ್ದೆ. ಆ ದುಡಿಮೆಯಲ್ಲೇ ಹಳೆಯದೊಂದು ಆಂಪ್ಲಿಫೈಯರು, ಎರಡು ಸ್ಪೀಕರು ಕೊಂಡೆ. ರೇಡಿಯೊ, ಟೇಪು, ಟಿ.ವಿ., ಮೂರರ ವೈರನ್ನೂ ಅದಕ್ಕೇ ಸೇರಿಸಿದ್ದೆ. ಬೆಳಿಗ್ಗೆ ರೇಡಿಯೊದಲ್ಲಿ ದೇವರನಾಮ, ಮಧ್ಯಾಹ್ನ ಟೇಪಿನಲ್ಲಿ ಸಿನಿಮಾ ಹಾಡು.

ರೇಡಿಯೊ ಗೊಣಗುತ್ತಿತ್ತು. ಅದನ್ನು ಜೋರು ಮಾಡಿ, ಮರೆತು ಟೇಪಿಗೆ ತಿರುಗಿಸಿದರೆ ವಠಾರವೇ ಬೆಚ್ಚಿಬೀಳುತ್ತಿತ್ತು. ಓಡಿಹೋಗಿ ಕಡಿಮೆ ಮಾಡೋಣವೆಂದರೆ ಕೈತುಂಬ ಎಣ್ಣೆ, ಹಿಟ್ಟು. ಕೈ ಒರೆಸಿಕೊಳ್ಳುವಷ್ಟರಲ್ಲಿ ಅರ್ಧ ಹಾಡು ಮುಗಿದಿರುತ್ತಿತ್ತು. ಗೋಡೆಯಾಚೆ ಇದ್ದವಳು ಮನೆ ಓನರಮ್ಮ. ಒಂದು ದಿನ ಬಾಗಿಲಿಗೆ ಬಂದು ಹೇಳಿಯೇಬಿಟ್ಟಳು. "ಈ ಗಲಾಟೆ ನಿಲ್ಲಿಸು, ಇಲ್ದಿದ್ರೆ ಮನೆ ಖಾಲಿ ಮಾಡು."

ರಿಪೇರಿಯವರನ್ನು ಕರೆಸಿದೆ. ಒಣಕಲು ಮನುಷ್ಯ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಮುಖ ನೋಡಿ ಮಾತಾಡಿದವರಲ್ಲ. ಸೆಟ್ಟಿನ ಬೆನ್ನು ಬಿಚ್ಚಿ, ಮೂರಕ್ಕೂ ಸದ್ದು ಏರಿಳಿಸುವ ಒಂದೊಂದು ಪುಟ್ಟ ತಿರುಪು ಬೆಸೆದರು.

"ನೀವು ಲಟ್ಟಿಸ್ತಾ ಇರೀಮ್ಮ. ಲಟ್ಟಣಿಗೆ ಸದ್ದಿನ ಮೇಲೆ ಮಾತು ತಿಳಿದ್ರೆ ಸಾಕು. ಮೂರೂ ಅಷ್ಟೇ ಇರ್ಬೇಕು."

ನಾನು ಲಟ್ಟಿಸಿದೆ. ಅವರು ರೇಡಿಯೊ ಹಾಕಿದರು, ಟೇಪು ಹಾಕಿದರು, ಟಿ.ವಿ. ಹಾಕಿದರು, ಮತ್ತೆ ರೇಡಿಯೊ. ನಲವತ್ತು ಹಪ್ಪಳ ಆಗುವ ಹೊತ್ತಿಗೆ ಮೂರೂ ಒಂದೇ ಮಟ್ಟಕ್ಕೆ ಬಂದವು. ಹೊರಡುವಾಗ, "ಸೆಟ್ಟು ಚೆನ್ನಾಗಿದೆ. ಹಾಡು ಮಾತ್ರ ಕೆಟ್ಟದಾಗಿ ಆರಿಸ್ತೀರಿ" ಅಂದರು.

ಮರುದಿನವೇ ಓನರಮ್ಮ ಮತ್ತೆ ಬಂದಳು. "ಬೆಳಿಗ್ಗೆ ಹಿತವಾಗಿತ್ತು. ಮಧ್ಯಾಹ್ನ ಗೋಡೆ ನಡುಗ್ತು. ತಿಂಗಳ ಕೊನೇಗೆ ಬೀಗದ ಕೈ ಕೊಟ್ಬಿಡು."

ಅಂಗಡಿಗೆ ಹೋಗಿ ಅವರನ್ನು ಚೆನ್ನಾಗಿ ಬೈದೆ. "ಏನ್ ಸಮ ಮಾಡಿದ್ರಿ ನೀವು? ನನ್ನ ಮನೆ ಹೋಗೋ ಹಾಗಾಯ್ತು!" ಅವರು ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತಳ್ಳಿದರು, ಅಷ್ಟೇ.

ಮಾರನೇ ದಿನ ದೇವರನಾಮದ ಹೊತ್ತಿಗೇ ಬಂದರು. ಓನರಮ್ಮನಿಗೆ ಅವಳ ನಡುಮನೆಯಲ್ಲೇ ಕೂತಿರಲು ಹೇಳಿ, ನನ್ನ ಮನೆಯಲ್ಲಿ ಸೆಟ್ಟಿನ ಮುಂದೆ ಕೂತರು. ರೇಡಿಯೊ ಹಾಕಿ, "ಹೇಗಿದೆ ತಾಯೀ?" ಎಂದು ಕೂಗಿದರು.

"ಹಿತವಾಗಿದೆ."

ಟೇಪು ಹಾಕಿದರು. "ಈಗ?"

"ಜಾಸ್ತಿ!"

ಟೇಪನ್ನು ಅರ್ಧಕ್ಕೆ ಇಳಿಸಿದರು. "ಜಾಸ್ತೀನೇ!" ಇನ್ನೂ ಇಳಿಸಿದರು. ಪಕ್ಕದಲ್ಲೇ ಕೂತಿದ್ದ ನನಗೂ ಹಾಡಿನ ಮಾತು ತಿಳಿಯದಾಯಿತು. ಗೋಡೆಯಾಚೆಯಿಂದ ಅದೇ ಕೂಗು. "ಅಯ್ಯೋ, ತಲೆ ಸಿಡಿಯತ್ತೆ!"

ಅವರು ಎದ್ದು ಅಂಗಳಕ್ಕೆ ಹೋದರು, ಹಿಂದೆಯೇ ನಾನೂ. ಓನರಮ್ಮನೂ ಹೊರಗೆ ಬಂದಳು. ನಲ್ಲಿಯ ಹತ್ತಿರ ಉಳಿದ ಮನೆಗಳ ಹೆಂಗಸರೂ ಇದ್ದರು.

"ತಾಯೀ, ದೇವರನಾಮಕ್ಕಿಂತ ಹಾಡನ್ನೇ ಕಮ್ಮಿ ಇಟ್ಟಿದ್ದೆ. ಸೆಟ್ಟಿಗೆ ತಿರುಪು ಹಾಕ್ತೀನಿ. ಅದರಿಂದಾಚೆ ನನ್ನ ಕೈ ಹೋಗಲ್ಲ."

ಆಗ ನನಗೆ ಹೊಳೆಯಿತು. "ಗಂಡ ಸತ್ತೋಳಿಗೆ ಸಿನಿಮಾ ಹಾಡ್ಯಾಕೆ ಅಂತ ತಾನೆ? ನೇರವಾಗಿ ಹೇಳೀಮ್ಮ."

"ಹೂಂ, ಹಾಗೇ ಅಂದ್ಕೋ."

"ಹಾಗಾದ್ರೆ ಮನೆ ಬಿಡಲ್ಲ. ಸದ್ದು ನಿಜವಾಗಿ ಜಾಸ್ತಿ ಇದ್ದಿದ್ರೆ ಇವತ್ತೇ ಬಿಡ್ತಿದ್ದೆ."

ನಲ್ಲಿಯ ಕೊಡ ತುಂಬಿ ಚೆಲ್ಲುತ್ತಿತ್ತು. ಮೂಲೆ ಮನೆಯ ಹುಡುಗಿ ಕಿಸಕ್ಕನೆ ನಕ್ಕಳು. ಅಷ್ಟು ಜನರೆದುರು ಒಪ್ಪಿಕೊಂಡಿದ್ದ ಓನರಮ್ಮ ಮನೆ ಖಾಲಿ ಮಾಡುವ ಮಾತು ಮತ್ತೆ ಎತ್ತಲಿಲ್ಲ. ನನ್ನ ಜೊತೆ ಮಾತನ್ನೂ ಬಿಟ್ಟಳು. ನನಗೇನೂ ನಷ್ಟವಾಗಲಿಲ್ಲ. ರಿಪೇರಿಯವರಿಗೆ ಆ ಮನೆಯ, ಅವರ ನೆಂಟರ ಮನೆಗಳ ಕೆಲಸ ನಿಂತುಹೋಯಿತು. ಕೇಳಿದ್ದಕ್ಕೆ, "ಅವರ ರೇಡಿಯೊ ತುಂಬ ಜಿರಳೆ. ಹೋಗ್ಲಿ ಬಿಡಿ" ಅಂದರು.

ಅವರು ಸತ್ತದ್ದು ನನಗೆ ತಿಳಿದದ್ದು ತಿಂಗಳಾದ ಮೇಲೆ. ಯಾರು ಹೇಳಬೇಕು, ನಾನೇನು ನೆಂಟಳೇ… ಅಳಲಿಲ್ಲ. ಆದರೆ ಅಂಥ ಕೈ ಮತ್ತೆ ಸಿಗಲಿಲ್ಲ, ಅದು ನಿಜ.

ವಠಾರ ಒಡೆದು ಫ್ಲ್ಯಾಟು ಕಟ್ಟಿದ್ದಾರೆ. ನಾನೀಗ ಎರಡು ಬೀದಿ ಆಚೆ ಇದ್ದೇನೆ. ಫೋನಿಗೂ ಟಿ.ವಿ.ಗೂ ಸೇರಿ ಒಂದು ಸ್ಪೀಕರಿದೆ. ಒಂದು ಪಿಸುಗುಡುತ್ತದೆ, ಇನ್ನೊಂದು ಬೊಬ್ಬೆ ಹಾಕುತ್ತದೆ. ಸಮ ಮಾಡುವವರಿಲ್ಲ. ಮಂಡಿ ಹಿಡಿದುಕೊಂಡು ನಾನೇ ಏಳುತ್ತೇನೆ, ಕೂರುತ್ತೇನೆ.

ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಮೊದಲು ಒಂದು ಮಾತು ಕೇಳುತ್ತೇನೆ. ಸದ್ದು ಜಾಸ್ತಿಯಾಯಿತೋ, ಹಾಡೇ ಬೇಡವೋ? ಸದ್ದು ಅಂದರೆ ಇಳಿಸುತ್ತೇನೆ. ಹಾಡು ಅಂದರೆ ಬಾಗಿಲು ಹಾಕಿಕೊಳ್ಳುತ್ತೇನೆ.