ಕರುವಿಗೆ ಸಿಕ್ಕ ‘ಲಾ’

ಅಂಚೆಟ್ಟಿ ಕಡೆಯ ನಮ್ಮೂರಲ್ಲಿ ಬಿ.ಎ. ಪಾಸಾದವನು ಆಗ ನಾನೊಬ್ಬನೇ. ಎರಡನೇ ಮಹಾಯುದ್ಧದ ಕಾಲ. ಬೆಂಗಳೂರಿನಲ್ಲಿ ಕಂಡವರ ಮಕ್ಕಳಿಗೆ ಪಾಠ ಹೇಳಿ, ಅವರ ಜಗಲಿಯಲ್ಲೇ ಮಲಗಿ ಸಂಪಾದಿಸಿದ ಪದವಿ. ಆಗಲೂ ಹೆಮ್ಮೆ, ಈಗಲೂ ಹೆಮ್ಮೆ. ಮುಚ್ಚಿಡುವುದೇನಿದೆ?

ಹೊಸೂರಿನಿಂದ ಸಿಕ್ಕಿದ ಗಾಡಿ ಹತ್ತಿ, ಉಳಿದ ದಾರಿ ನಡೆದು ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿದ್ದಳು.

“ಕ್ಷೇಮವೇ ಅವ್ವಾ?” ಅಂದೆ.

ಅವಳು ಸೆರಗು ಸರಿಮಾಡಿಕೊಂಡು, “ಬನ್ನಿ” ಅಂದಳು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಹುಟ್ಟಿದಾಗಿನಿಂದ ಆ ಮನೆಯಲ್ಲಿ ನನಗೆ ‘ಬಾರ್ಲಾ’, ‘ಉಣ್ಲಾ’, ‘ಎಲ್ಲೋಗಿದ್ಯಲಾ’. ಈಗ ಎಲ್ಲಕ್ಕೂ ‘ಬನ್ನಿ’, ‘ಉಣ್ಣಿ’. ಅಪ್ಪ ಯಾರ ಮನೆಯಿಂದಲೋ ಕುರ್ಚಿ ತಂದು ಜಗಲಿಗೆ ಹಾಕಿದ. ಕೆಲಸದ ಆರ್ಡರು ಬರುವವರೆಗೆ ನಾನು ಅದರಲ್ಲಿ ಕೂತಿರಬೇಕು. ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಕುಡುಗೋಲು ಹಿಡಿದರೆ ಅವ್ವ ಕಿತ್ತುಕೊಳ್ಳುವಳು: “ನೀವು ಮುಟ್‌ಬ್ಯಾಡಿ, ಊರೋರು ಆಡ್ಕೋತಾರೆ.” ಕೆರೆಗೆ ಈಜಲು ಹೊರಟರೆ ಅಕ್ಕನ ಗಂಡ ಅಡ್ಡ ನಿಲ್ಲುವರು: “ನೆಂದ್ರೆ ಇಂಗ್ಲೀಸು ಕರಗೋಯ್ತದೆ ಕಣಪ್ಪೋ!” ಎಲ್ಲರೂ ನಗುವರು. ನಾನೂ ನಗುವೆ, ದೊಡ್ಡಮನುಷ್ಯರ ಹಾಗೆ, ಹಲ್ಲು ಕಾಣದಂತೆ. ಆ ನಗು ಎಲ್ಲಿ ಕಲಿತೆನೋ. ಕುರ್ಚಿಯಲ್ಲಿ ಕೂತವನು ಬೇರೆ ಯಾರೋ. ಅವನೊಳಗೆ ಕೈಕಾಲು ಆಡಿಸಲೂ ಜಾಗವಿಲ್ಲದೆ ನಾನು ಸಿಕ್ಕಿಕೊಂಡಿದ್ದೆ.

ಒಂದು ಬೆಳಗ್ಗೆ ಕೊಟ್ಟಿಗೆಯಿಂದ ಅವ್ವನ ದನಿ ಬಂತು. “ಬಾರ್ಲಾ ನನ್ನಪ್ಪ, ಕುಡೀಲಾ. ಯಾಕ್ಲಾ ಮುನಿಸ್ಕಂಡಿದ್ದೀಯ?”

ನನ್ನನ್ನೇ ಕರೆದಳೆಂದು ಕುರ್ಚಿ ಬಿಟ್ಟು ಓಡಿದೆ. ಇಣುಕಿದರೆ, ಎಳೆಯ ಹೋರಿಗರು. ಕರುವಿನ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟ ಪದವೀಧರ ಆ ಸೀಮೆಯಲ್ಲಿ ಇನ್ನೊಬ್ಬನಿರಲಾರ.

“ಅವ್ವಾ, ಅದಕ್ಕೆ ‘ಲಾ’, ನನಗೆ ಮಾತ್ರ ‘ಬನ್ನಿ’ ಏಕೆ?”

“ಅದೇನು ಬಿ.ಎ. ಓದೈತಾ?”

“ನಾನು ನಿನ್ನ ಮಗನಲ್ಲವೇ?”

ಅವಳು ಕರುವಿನ ಕತ್ತು ತುರಿಸುತ್ತಲೇ ನನ್ನತ್ತ ನೋಡಿದಳು. “ನೋಡಿ, ಈಗ್ಲೂ ‘ಅಲ್ಲವೇ’ ಅಂತೀರಿ. ಬಂದ್ ದಿನಾನೂ ಬಾಗ್ಲಲ್ಲೇ ‘ಕ್ಷೇಮವೇ’ ಅಂದ್ರಿ. ಅಂಗೆ ಮಾತಾಡೋರ್ಗೆ ‘ಬಾರ್ಲಾ’ ಅನ್ನಾಕೆ ನಂಗೆ ಬಾಯೇ ಬರ್ಲಿಲ್ಲ.”

ಊರವರು ನನ್ನನ್ನು ಕಟ್ಟಿಹಾಕಿದ್ದಾರೆ ಅಂದುಕೊಂಡಿದ್ದೆ. ಗಂಟು ಹಾಕಿದ್ದು ನನ್ನ ಬಾಯೇ. ಕಾಲೇಜಿನಲ್ಲಿ ಒಮ್ಮೆ ‘ಹೋಗ್ಬುಟ್ಟ’ ಅಂದದ್ದಕ್ಕೆ ಬೆಂಚಿಗೆ ಬೆಂಚೇ ನಕ್ಕಿತ್ತು. ಆ ಹೆದರಿಕೆಗೆ ಕಲಿತ ಮಾತು, ಮನೆ ಬಾಗಿಲಿಗೆ ಬಂದರೂ ನಾಲಿಗೆ ಬಿಟ್ಟಿರಲಿಲ್ಲ. ಪದವಿ ನನ್ನದೇ, ದುಡಿದು ತಂದದ್ದು. ಆ ‘ಅಲ್ಲವೇ’, ಆ ಹಲ್ಲು ಕಾಣದ ನಗು ಯಾರವೋ.

ಆ ಮಧ್ಯಾಹ್ನ ಅವ್ವನ ಒಲೆಯ ಮುಂದೆ ನೆಲದ ಮೇಲೆ ಕೂತೆ. ಹೇಳಬೇಕಾದದ್ದು ಸಣ್ಣ ಮಾತು. ‘ಹಸಿವಾಗಿದೆ’ ಎಂದು ನಾಲಿಗೆ ತುದಿಗೆ ಬಂತು, ನುಂಗಿದೆ. ಮತ್ತೆ ಅದೇ ಬಂತು. ಬೆವರಿದೆ. ಕೊನೆಗೆ, “ಹೊಟ್ಟೆ ಹಸೀತೈತೆ ಕಣವ್ವಾ” ಅಂದೆ. ಯಾರನ್ನೋ ಅಣಕಿಸಿದ ಹಾಗೆ ಕೇಳಿಸಿತು.

ಅವ್ವ ನನ್ನ ಮುಂದೆ ತಟ್ಟೆ ಹಾಕಿದಳು. ಮುದ್ದೆ ಇಟ್ಟಳು, ಸಾರು ಬಿಟ್ಟಳು. ‘ನೀವು’ ಅನ್ನಲಿಲ್ಲ; ‘ನೀನು’ ಅಂತಲೂ ಬರಲಿಲ್ಲ. ಅರ್ಧ ಉಂಡಾಗ ಸೌಟು ಹಿಡಿದು ಕೇಳಿದಳು:

“ಇನ್ನೊಸಿ ಸಾರು ಬುಡ್ಲಾ?”

ಅದು ಆ ‘ಲಾ’ ಅಲ್ಲ, ‘ಬಿಡಲೇ’ ಎಂದು ಕೇಳುವ ‘ಲಾ’. ವ್ಯಾಕರಣ ಓದಿದವನಿಗೆ ಅಷ್ಟು ಗೊತ್ತಿತ್ತು. ತಟ್ಟೆ ಮುಂದಕ್ಕೆ ಒಡ್ಡಿದೆ.