ಸ್ಲೇಟಿನ ಮೇಲೆ ಬರೆದ ನಂಬರು

ನನ್ನ ಕಾಲೇಜು ಒಂದು ಬೆಳಗ್ಗೆ ಚಹಾ ಕುಡಿಯುವಷ್ಟರಲ್ಲಿ ನಿಂತುಹೋಯಿತು. ಎರಡು ಸಾವಿರದ ಐದರ ಸುಮಾರು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ತಡವಾದರೆ ತಿಳಿಸಲಿ ಎಂದು ಅಪ್ಪನೇ ಮೊಬೈಲು ಕೊಡಿಸಿದ್ದರು. ನಮ್ಮ ಬೀದಿಯಲ್ಲಿ ಹುಡುಗಿಯೊಬ್ಬಳ ಕೈಗೆ ಮೊಬೈಲು ಬಂದದ್ದು ಅದೇ ಮೊದಲು. ತಿಂಗಳಾಗುವುದರೊಳಗೆ ಗುರುತಿಲ್ಲದ ನಂಬರುಗಳಿಂದ ಮಿಸ್ಡ್ ಕಾಲು, ಆಮೇಲೆ ಹೊಲಸು ಮೆಸೇಜು. ಹೆದರಿ, ಯಾರಿಗೂ ಹೇಳದೆ ಅಳಿಸುತ್ತಿದ್ದೆ. ಆ ಬೆಳಗ್ಗೆ ಒಂದನ್ನು ಅಪ್ಪ ನನಗಿಂತ ಮೊದಲು ಓದಿದರು.

"ಯಾರಿಗ್ ಕೊಟ್ಟಿದ್ದಿ ನಂಬರು?"

"ಯಾರಿಗೂ ಕೊಟ್ಟಿಲ್ಲಪ್ಪ."

"ಕೊಡ್ದೆ ಹೆಂಗ್ ಬರ್ತಾವೆ? ಓದಿದ್ದು ಸಾಕು, ಮನೇಲಿರು."

ಮೊಬೈಲು ಅವರ ಜೇಬು ಸೇರಿತು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಹೊಲಸು ಮಾತು ಕೇಳಿದವಳೂ ನಾನೇ, ಶಿಕ್ಷೆ ಉಂಡವಳೂ ನಾನೇ, ಇದ್ಯಾವ ಊರಿನ ನ್ಯಾಯ?

ಬಸ್ ಸ್ಟ್ಯಾಂಡಿನ ಪಕ್ಕ ಎಸ್‌ಟಿಡಿ ಬೂತು ಇಟ್ಟುಕೊಂಡು, ಈಚೆಗೆ ಸಿಮ್ಮು, ಕರೆನ್ಸಿಯನ್ನೂ ಮಾರುತ್ತಿದ್ದ ಹೆಂಗಸೊಬ್ಬರಿದ್ದರು. ಊರಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಹತ್ತು ವರ್ಷದಿಂದ ಆ ಗಾಜಿನ ಬಾಗಿಲ ಹೊರಗೆ ಕೂತು, ಒಳಗೆ ಮಾತಾಡುವ ಹುಡುಗಿಯರತ್ತ ಕಣ್ಣು ಹಾಕುವವರನ್ನು ಒಂದು ಕೆಮ್ಮಿನಲ್ಲೇ ಓಡಿಸುತ್ತಿದ್ದರು. ಅವರ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಸಮಾಧಾನದ ಮಾತು ಒಂದೂ ಆಡಲಿಲ್ಲ ಪುಣ್ಯಾತ್ಗಿತ್ತಿ.

"ನಿನ್ ಮೊಬೈಲಿಗೆ ಕರೆನ್ಸಿ ಯಾರ್ ಹಾಕಿಸ್ತಾರವ್ವ?"

"ಅಪ್ಪ. ಕಾಯಿ ಮಂಡಿ ಹತ್ರದ ಅಂಗ್ಡೀಲಿ."

"ಕರ್ಕಂಡ್ ಬಾ ಅವರ್ನ."

ಅಪ್ಪ ಗೊಣಗುತ್ತಲೇ ಬಂದರು. ಆಪಾ ಯಾರಿಗೂ ಗೊತ್ತಿರದ ಹೊಸ ಸಿಮ್ಮೊಂದನ್ನು ತಮ್ಮ ಮೊಬೈಲಿಗೆ ಹಾಕಿ, ನಂಬರು ಬರೆದ ಚೀಟಿ ಕೊಟ್ಟರು. "ಇದಕ್ಕೆ ಕರೆನ್ಸಿ ಹಾಕಿಸ್ಕಂಡ್ ಬರ್ರಿ. ಮಗಳ ನಂಬರು ಹೆಂಗ್ ಹೇಳ್ತೀರೋ ಹಂಗೇ ಹೇಳ್ರಿ."

ನಾನೂ ಹಿಂದೆ ಹೋದೆ. ಅಪ್ಪ ಮಂಡಿಯಲ್ಲಿ ತೆಂಗಿನಕಾಯಿ ಎಣಿಸುವವರು, ಅದೇ ದನಿಯಲ್ಲಿ ಹತ್ತೂ ಅಂಕಿ ಕೂಗಿದರು. ಹೆಮ್ಮೆ ತಡೆಯಲಾರದೆ ಎಂದಿನಂತೆ, "ನಮ್ ಹುಡುಗೀದು, ದುರ್ಗದ ಕಾಲೇಜಿಗೆ ಹೋಗ್ತಾಳೆ" ಎಂದೂ ಸೇರಿಸಿದರು. ಅಂಗಡಿಯವನು ಕೌಂಟರಿನ ಮೇಲೆ ಬಿಚ್ಚಿಟ್ಟಿದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬೆಂಚಿನ ಮೇಲಿದ್ದ ನಾಲ್ಕೈದು ಜನ ತಲೆ ಎತ್ತಿದ್ದು ನನಗೆ ಕಂಡಿತು, ಅಪ್ಪನಿಗೆ ಕಾಣಲಿಲ್ಲ.

ಬೂತಿಗೆ ಮರಳಿ ಚಹಾ ಮುಗಿಸಿರಲಿಲ್ಲ, ಮೊಬೈಲು ಬಡಿದುಕೊಂಡಿತು. ಆಪಾ ಅದನ್ನು ಅಪ್ಪನ ಕೈಗಿಟ್ಟರು. "ನೀವೇ ಎತ್ರಿ. ಮಾತಾಡ್ಬೇಡ್ರಿ, ಕೇಳಿಸ್ಕಳ್ರಿ."

ಅಪ್ಪ ಕೇಳಿಸಿಕೊಂಡರು. ಹೊಲಸು ಮಾತು ಶುರುವಾದದ್ದೇ ಮೊಬೈಲನ್ನು ಕಿವಿಯಿಂದ ದೂರ ಹಿಡಿದರು. ಆಪಾ ಅದನ್ನು ಕಿತ್ತುಕೊಂಡು, "ಲೇ, ನಿನ್ ನಂಬರೂ ನನ್ ಹತ್ರ ಐತೆ. ನೀನೇ ಸ್ಟೇಷನ್ನಿಗೆ ಬರ್ತೀಯೋ, ನಿಮ್ಮವ್ವನ ಹತ್ರ ನಾನೇ ಬರ್ಲೋ?" ಎಂದರು. ಆ ಕಡೆ ತಟ್ಟನೆ ಕಟ್ಟಾಯಿತು.

ಬೈದು ಸುಮ್ಮನಾಗುವ ಜೀವವಲ್ಲ ಆಪಾ. ಆ ಅಂಗಡಿಗೆ ಹೋಗಿ, ನೋಟ್‌ಬುಕ್ಕು ಕೌಂಟರಿನ ಒಳಗೆ ಹೋಗುವವರೆಗೂ ಕದಲದೆ ನಿಂತರು. ಸಂಜೆಯೊಳಗೆ ತಮ್ಮ ಬೂತಿನಲ್ಲಿ ಒಂದು ಸ್ಲೇಟು ತಂದಿಟ್ಟರು. ಕೂಗುವುದು ಬೇಡ, ಪುಸ್ತಕವೂ ಬೇಡ. ಹುಡುಗಿಯರು ಸ್ಲೇಟಿನ ಮೇಲೆ ನಂಬರು ಬರೆಯಬೇಕು, ಕರೆನ್ಸಿ ಬಿದ್ದ ಕೂಡಲೇ ಒರೆಸಬೇಕು. ಎಷ್ಟು ಸಣ್ಣ ಉಪಾಯ! ಅಂಥ ತಲೆಯನ್ನು ಕಾಲೇಜಿನಲ್ಲೂ ನಾನು ನೋಡಲಿಲ್ಲ.

ಮರುದಿನ ಬೆಳಗ್ಗೆ ಅಪ್ಪ ನನ್ನನ್ನು ಬಸ್ಸಿಗೆ ಬಿಡಲು ಬಂದವರು ಬೂತಿನ ಮುಂದೆ ನಿಂತರು. ಆಪಾ ಕೊಟ್ಟ ಮತ್ತೊಂದು ಸಿಮ್ಮಿನ, ಈಗ ನನ್ನದಾದ ಹೊಸ ನಂಬರನ್ನು ಕೂಗದೆ ಸ್ಲೇಟಿನ ಮೇಲೆ ಬರೆದರು. ಆಮೇಲೆ ಹೆಗಲ ಟವೆಲ್ಲಿನಿಂದ ಒರೆಸಿದರು. ಅಂಕಿ ಹೋದ ಮೇಲೂ ಒರೆಸುತ್ತಲೇ ಇದ್ದರು.

"ಬಿಡ್ರಿ, ಹೋಗೈತೆ" ಎಂದರು ಆಪಾ.

"ನಂಬರು ಕೊಟ್ಟೋನು ನಾನೇ ಕಣವ್ವ" ಎಂದರು ಅಪ್ಪ, ನನ್ನ ಮುಖ ನೋಡದೆ.